ಹಳೇ ಅಳತೆಯ ಉಯಿಲು

ಅಪ್ಪಾ,

ನಿನ್ನ ಕತ್ತರಿ, ಇಸ್ತ್ರಿಪೆಟ್ಟಿಗೆ, ಮೊಂಡುತನ, ಮೂರೂ ಕ್ಷೇಮ. ಮೂರನೆಯದು ತಂಗಿಯ ಪಾಲಿಗೆ ಬಂದಿದೆ, ಉಯಿಲಿನ ಹಂಗಿಲ್ಲದೆ.

ಉಯಿಲಿನ ವಿಷಯಕ್ಕೇ ಈ ಕಾಗದ. ವಕೀಲರು ಓದಿದಾಗ ನಾವಿಬ್ಬರೂ ಎದುರಿಗೇ ಕೂತಿದ್ದೆವು. "ಹೊಲಿಗೆ ಅಂಗಡಿ, ಯಂತ್ರಗಳ ಸಮೇತ, ನನ್ನ ಏಕೈಕ ಸಂತಾನವಾದ ಮಗನಿಗೆ." ನೀನು ಬರೆಸಿದಾಗ ಅವಳಿನ್ನೂ ಹುಟ್ಟಿರಲಿಲ್ಲ. ಹುಟ್ಟಿದಳು, ಬೆಳೆದಳು, ನಿನ್ನ ಪಕ್ಕದ ಯಂತ್ರಕ್ಕೆ ಕೂತಳು. ನಿನ್ನ ಕಣ್ಣು ಮಂಜಾದ ಮೇಲೆ ನಿನ್ನ ಹೆಸರಿನಲ್ಲಿ ಹೋದ ಕೋಟುಗಳನ್ನೆಲ್ಲ ಹೊಲಿದವಳು ಅವಳೇ. ಉಯಿಲು ಮಾತ್ರ ಮಡಿಕೆ ಕೆಡದೆ ಮಲಗಿತ್ತು.

ಬದಲಾಯಿಸಿ ಎಂದು ಅಮ್ಮ ಎಷ್ಟು ಸಲ ಹೇಳಿದಳೋ. ಗಿರಾಕಿಗಳಿಗೆ ಹೇಳುವ ಹಾಗೇ ಅವಳಿಗೂ ನೀನು ನಾಳೆ ನೋಡೋಣ ಎಂದೆ. ನಾಳೆ ನಾಳೆ ಎನ್ನುತ್ತ ಬಾಳೇ ಮುಗಿಯಿತು. ಹಳೇ ಗಿರಾಕಿ ಬಂದರೂ ಹೊಸದಾಗಿ ಟೇಪು ಹಿಡಿಯುತ್ತಿದ್ದವನು ನೀನು. "ಹೋದ ವರ್ಷದ ಅಳತೆ ಹೋದ ವರ್ಷದ ಮೈಗೆ" ಅನ್ನುತ್ತಿದ್ದೆ. ಊರವರ ಹೊಟ್ಟೆ ಬೆಳೆದದ್ದು ನಿನಗೆ ಗೊತ್ತಾಗುತ್ತಿತ್ತು. ನಿನ್ನ ಸಂಸಾರ ಬೆಳೆದದ್ದು ಆ ಕಾಗದಕ್ಕೆ ಗೊತ್ತಾಗಲಿಲ್ಲ.

ತಂಗಿ ಜಗಳ ಆಡಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ. ಮರುದಿನ ಯಂತ್ರಕ್ಕೆ ಮುಸುಕು ಹಾಕಿ, ಬೀಗದ ಕೈ ನನ್ನ ಮುಂದಿಟ್ಟು, "ತಗೋಳಪ್ಪ ಯಜಮಾನ. ಒಂದು ಗುಂಡಿ ಹೊಲಿಯೋಕಾದ್ರೂ ಬರುತ್ತಾ?" ಎಂದಳು. ಸೂಜಿಗೆ ಪೋಣಿಸಲು ಬಾರದು ದಾರ, ತಲೆಯ ಮೇಲೆ ಅಂಗಡಿಯ ಭಾರ. ನಗಲು ಹೋದೆ. ಅವಳು ನಗಲಿಲ್ಲ.

"ಅಂಗಡಿ ಹೋಗ್ಲಿ ಬಿಡು ಅಣ್ಣ. ಅಪ್ಪಂಗೆ ನಾನು ಲೆಕ್ಕಕ್ಕೇ ಇರ್ಲಿಲ್ವಾ?"

ಅಪ್ಪ ನಾಳೆಗೆ ತಳ್ಳಿದ್ದು ಆ ಕಾಗದವನ್ನು ಕಣೇ, ನಿನ್ನನ್ನಲ್ಲ ಎಂದೆ. ಅದನ್ನು ಹೇಳಬೇಕಾದವನು ನೀನು. ಒಂದು ಸಾಲು ತಿದ್ದಿಸಿದ್ದರೆ ಸಾಕಿತ್ತು.

ಅಂಗಡಿಯನ್ನು ಅವಳ ಹೆಸರಿಗೆ ದಾನಪತ್ರ ಮಾಡಿಸಿದೆ. ಮುಖ ಊದಿಸಿಕೊಂಡೇ ಬಂದು ರುಜು ಹಾಕಿದಳು. "ನೀನು ಕೊಡೋದು ಬೇರೆ, ಅಪ್ಪ ಕೊಡೋದು ಬೇರೆ" ಎಂದಳು. ವಕೀಲರು ಕನ್ನಡಕ ಒರೆಸಿಕೊಂಡರು. ಅದೇ ಮೇಜಿನ ಮೇಲೆ ನನ್ನ ಉಯಿಲನ್ನೂ ಬರೆಸಿಬಿಟ್ಟೆ. ಪ್ರತಿ ಹುಟ್ಟುಹಬ್ಬಕ್ಕೂ ತೆಗೆದು ಓದುತ್ತೇನೆ, ಬಿಗಿಯಾಗಿದ್ದರೆ ಬಿಚ್ಚಿಸುತ್ತೇನೆ.

ನಿನ್ನೆ ಅವಳು ಅಂಗಡಿಯ ಬಾಗಿಲು ತೆರೆದಳು. ನೀನು ನನಗೆಂದು ತೆಗೆದಿಟ್ಟ ಅಂಗಿಯ ಬಟ್ಟೆ ಮೇಜಿನ ಮೇಲೇ ಇತ್ತು. "ನೆಟ್ಟಗೆ ನಿಲ್ಲು" ಎಂದು ಟೇಪು ಎಳೆದಳು. ಹಳೇ ಅಳತೆ ಇದೆಯಲ್ಲ ಎಂದೆ.

"ಹೋದ ವರ್ಷದ ಅಳತೆ..." ಎಂದವಳು ಅಲ್ಲಿಗೇ ನಿಂತಳು. ಉಳಿದರ್ಧ ನಾನು ಹೇಳಿದೆ. ಆಮೇಲೆ ನನ್ನ ಹೊಟ್ಟೆಗೆ ಟೇಪು ಸುತ್ತಿ, ಟೇಪೇ ಸಾಲದೇನೋ ಎಂಬಂತೆ ನೋಡಿ, ನಕ್ಕಳು.

ಇದ್ದಲ್ಲಿ ನೆಮ್ಮದಿಯಾಗಿರು ಅಪ್ಪ. ಕಣ್ಣು ನಿಚ್ಚಳವಾಗಿರಲಿ, ದಾರ ಒಂದೇ ಸಲಕ್ಕೆ ಸೂಜಿಗೆ ಹೋಗಲಿ.

ಇಂತಿ,
ನಿನ್ನ ಇಬ್ಬರು ಮಕ್ಕಳಲ್ಲಿ ಹಿರಿಯವನು