ನಾಲ್ಕನೆಯ ಗುಂಡಿ

ಭಾನುವಾರ, ತಾರೀಖು ಹನ್ನೆರಡು

ಪ್ರೀತಿಯ ಅಣ್ಣನಿಗೆ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಎಲ್ಲರೂ ಹಾಗೇ ಬರೆಯುತ್ತಾರೆ. ಮೈ ಚೆನ್ನಾಗಿದೆ, ಅಷ್ಟು ನಿಜ. ಕಾಗದ ತಡವಾದದ್ದಕ್ಕೆ ಬೈಯಬೇಡ, ಬರೆದು ಬರೆದು ಹರಿದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಹಡಗು ನಡುನೀರಿನಲ್ಲಿರುವಾಗ ಅರ್ಧ ಮಾತು ಕಡಲ ಪಾಲಾಗುತ್ತದೆ. ಉಳಿದರ್ಧ ಕೇಳಿ ನೀನು ಹಡಗಿನ ಅಡುಗೆಮನೆಯಲ್ಲಿ ಸೌಟು ಹಿಡಿದು ಏನೇನೋ ಊಹಿಸಿಕೊಳ್ಳುವುದು ಬೇಡ. ಮುಂದಿನ ಬಂದರಿನಲ್ಲಿ ಇದು ಸಿಕ್ಕಾಗ ಕೂತು ಪೂರ್ತಿ ಓದು.

ಅತ್ತಿಗೆ ಶಿಕ್ಷಕಿ ತರಬೇತಿಯ ಕೊನೆಯ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಕಾರಣ ನಾನು. ಫಲಿತಾಂಶ ಇನ್ನೂ ಬಂದಿಲ್ಲವೆಂದು ಅವರು ನಿನಗೆ ಹೇಳಿದ್ದು ನನಗೆ ಗೊತ್ತು. ಈಗ ಅವರೇ, "ಹೇಗೂ ನಿನ್ನ ಹೊಟ್ಟೇಲಿ ಮಾತು ನಿಲ್ಲಲ್ಲ, ನೀನೇ ಬರೆದುಬಿಡು. ನನಗೆ ಹೇಳೋಕೆ ಬಾಯಿ ಬರ್ತಾ ಇಲ್ಲ" ಎಂದರು.

ಈ ತರಬೇತಿಯಲ್ಲಿ ಕರಿಹಲಗೆಯನ್ನು ಯಾರೂ ಮುಟ್ಟುವುದಿಲ್ಲ. ಗೋಡೆಯ ತುಂಬ ಒಂದು ಬಿಳಿ ಬೋರ್ಡು, ಅದರ ಮೇಲೆ ಪ್ರೊಜೆಕ್ಟರ್ ಚಿತ್ರ ಬಿಡುತ್ತದೆ. ಬೆರಳು ತಾಗಿದರೆ ಚಿತ್ರ ಓಡುತ್ತದೆ, ಮತ್ತೆ ತಾಗಿದರೆ ನಿಲ್ಲುತ್ತದೆ. ನೆರಳು ಬೀಳದ ಹಾಗೆ ಎಲ್ಲಿ ನಿಲ್ಲಬೇಕು, ಮಕ್ಕಳಿಗೆ ಬೆನ್ನು ತೋರಿಸದೆ ಹೇಗೆ ಒತ್ತಬೇಕು, ಕರೆಂಟು ಹೋದರೆ ಮುಖ ಹೇಗಿಟ್ಟುಕೊಳ್ಳಬೇಕು, ತಿಂಗಳುಗಟ್ಟಲೆ ಇದೇ. ಅತ್ತಿಗೆ ಮನೆಯಲ್ಲಿ ಬೀರುವಿನ ಬಾಗಿಲನ್ನೇ ಬೋರ್ಡು ಮಾಡಿಕೊಂಡು, ಬಾಚಣಿಗೆ ಹಿಡಿದು ಅಭ್ಯಾಸ ಮಾಡುತ್ತಿದ್ದರು.

"ಬೀರುವಿಗೆ ಪಾಠ ಹೇಳೋ ಸೊಸೇನ ನಾನೊಬ್ಬಳೇ ಪಡ್ಕೊಂಡು ಬಂದಿರೋದು" ಎಂದು ಅಮ್ಮ ನಕ್ಕರೆ, ಅತ್ತಿಗೆ ತಿರುಗಿಯೂ ನೋಡದೆ, "ಅತ್ತೆ, ಅಲ್ಲಿಂದ ನೋಡಿದ್ರೆ ನೆರಳು ಬಿತ್ತಾ ಹೇಳಿ" ಎನ್ನುತ್ತಿದ್ದರು.

ಪರೀಕ್ಷೆಯೆಂದರೆ ಪರೀಕ್ಷಕರೆದುರು ಮಕ್ಕಳಿಗೆ ಪಾಠ ಮಾಡಿ ತೋರಿಸುವುದು. ಆ ಹೊತ್ತಿಗೆ ಶಾಲೆಗಳಿಗೆ ರಜೆ. ಅದಕ್ಕೆ ಸುತ್ತಮುತ್ತಲಿನ ಮಕ್ಕಳನ್ನು ಕರೆತಂದು ತರಬೇತಿ ಕಾಲೇಜಿನಲ್ಲಿ ಕೂರಿಸಿದ್ದರು. ನಾನು ಅತ್ತಿಗೆಯ ಲ್ಯಾಪ್‌ಟಾಪ್ ಚೀಲ ಹೊತ್ತು ಹೋದವನು ಬಾಗಿಲಲ್ಲಿ ನಿಂತಿದ್ದೆ. ಪ್ರತಿ ಮಗುವಿನ ಕೈಗೂ ನಾಲ್ಕು ಗುಂಡಿಯ ಒಂದು ಪುಟ್ಟ ರಿಮೋಟ್ ಕೊಡುತ್ತಾರೆ. ಯಾವ ಉತ್ತರವನ್ನು ಎಷ್ಟು ಮಕ್ಕಳು ಒತ್ತಿದರೋ ಅಷ್ಟೆತ್ತರದ ಕಂಬ ಬೋರ್ಡಿನಲ್ಲಿ ಏಳುತ್ತದೆ. ಆ ದಿನ ಒಬ್ಬ ಹುಡುಗ ಜ್ವರವೆಂದು ಬಂದಿರಲಿಲ್ಲ. ಯಾರೂ ಹಿಡಿಯದ ರಿಮೋಟನ್ನೂ ಯಂತ್ರ ತಪ್ಪು ಉತ್ತರವೆಂದೇ ಎಣಿಸುತ್ತದಂತೆ.

ಅತ್ತಿಗೆ ಓಡಿ ಬಂದರು. "ಬುಗುರಿ, ಒಂದು ಅರ್ಧ ಗಂಟೆ ಕೂತ್ಕೊಳ್ಳೋ, ನಿನ್ನ ದಮ್ಮಯ್ಯ."

"ಹತ್ತೊಂಬತ್ತು ವರ್ಷದವನು ನಾನು, ಆರನೇ ಕ್ಲಾಸಿನ ಬೆಂಚಲ್ಲಿ ಕೂರೋದಾ?"

"ನಿನ್ನ ಮೀಸೆ ಯಾರಿಗೆ ಬೇಕು? ಬೆರಳು ಕೊಡು ಸಾಕು."

ಕೂತೆ. ಮೊಣಕಾಲು ಡೆಸ್ಕಿನೊಳಗೆ ಹೋಗಲೇ ಇಲ್ಲ. ಪಕ್ಕದಲ್ಲಿದ್ದ ಕನ್ನಡಕದ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಮ, ನೀವು ಎಷ್ಟು ಸಲ ಫೇಲು?" ಎಂದಳು.

"ಎಣಿಸೋಕೆ ಬಂದಿದ್ರೆ ಫೇಲಾಗ್ತಿದ್ನಾ?" ಎಂದೆ.

ಪಾಠ ಚಂದ್ರನದು. ಅವನು ದಿನದಿನಕ್ಕೆ ಸಣ್ಣಗಾಗಿ ಮತ್ತೆ ಏಕೆ ದೊಡ್ಡವನಾಗುತ್ತಾನೆ ಎಂದು. ಅತ್ತಿಗೆ ಒಂದೂ ತಪ್ಪು ಮಾಡಲಿಲ್ಲ ಅಣ್ಣ. ನೆರಳು ಬೀಳಲಿಲ್ಲ, ಬೆನ್ನು ತಿರುಗಲಿಲ್ಲ. ಬೋರ್ಡಿನಲ್ಲಿ ಭೂಮಿಯ ಸುತ್ತ ಚಂದ್ರ ತಿರುಗಿದ, ಒಂದು ಕಡೆಯಿಂದ ಬಿಸಿಲು ಬಿತ್ತು. ನಾನು ಕಣ್ಣು ಕೀಲಿಸಿ ನೋಡಿದೆ. ಶಾಲೆಯಲ್ಲಿದ್ದಾಗ ಹಾಗೆ ನೋಡಿದವನಲ್ಲ. ಆದರೆ ಆ ಚಿತ್ರದಲ್ಲಿ ಚಂದ್ರ ಎಲ್ಲಿಗೆ ಹೋದರೂ ಅವನ ಅರ್ಧ ಬೆಳಗಿಯೇ ಇತ್ತು. ಯಾವಾಗಲೂ ಅರ್ಧ ಬೆಳಗಿರುವವನು ನಮ್ಮ ಕಣ್ಣಿಗೆ ಮಾತ್ರ ಹೇಗೆ ಗೆರೆಯಷ್ಟಾಗುತ್ತಾನೆ?

ಅಷ್ಟರಲ್ಲಿ ಪ್ರಶ್ನೆ ಬಂತು. ಮೂರು ಗುಂಡಿಗೆ ಮೂರು ಉತ್ತರ, ನಾಲ್ಕನೆಯದು "ಅರ್ಥವಾಗಲಿಲ್ಲ". ಎರಡನೆಯದನ್ನೇ ಒತ್ತಬೇಕೆಂದು ಅತ್ತಿಗೆ ಮಕ್ಕಳ ಕಿವಿಯಲ್ಲಿ ಮೊದಲೇ ಹೇಳಿದ್ದರು. ಪರೀಕ್ಷೆಗೆ ನಿಂತವರೆಲ್ಲ ಹಾಗೇ ಮಾಡುತ್ತಾರಂತೆ. ನನಗೂ ಹೇಳಿದ್ದರು. ಆದರೂ ಪಾಠದಲ್ಲಿ ಹೇಳಬೇಕಾದ ಮಾತೆಂದು ಅತ್ತಿಗೆ, "ಅರ್ಥ ಆಗದಿದ್ರೆ ಅಂಜಬೇಡಿ ಮಕ್ಕಳೇ, ನಾಲ್ಕನ್ನ ಒತ್ತಿ" ಎಂದರು.

ನನಗೆ ಯಾರೂ ಶಾಲೆಯಲ್ಲಿ ಹಾಗೆ ಹೇಳಿರಲಿಲ್ಲ. ತಿಳಿಯದಿದ್ದರೆ ಎದ್ದು ನಿಲ್ಲಬೇಕಿತ್ತು, ಇಡೀ ಕ್ಲಾಸು ತಿರುಗಿ ನೋಡುತ್ತಿತ್ತು. ಇಲ್ಲಿ ಬೆರಳೊಂದು ಸಾಕು. ನಾನು ನಾಲ್ಕನ್ನು ಒತ್ತಿದೆ.

ನನ್ನೊಬ್ಬನದೇ ಆಗಿದ್ದರೆ ಆ ಕಂಬ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕನ್ನಡಕದ ಹುಡುಗಿ ನನ್ನ ಬೆರಳು ನೋಡಿಬಿಟ್ಟಳು. "ಮಾಮಂಗೇ ಅರ್ಥ ಆಗಿಲ್ಲ ಕಣ್ರೋ!" ಎಂದು ಹಿಂದಿನ ಬೆಂಚಿಗೆ ಪಿಸುಗುಟ್ಟಿದಳು. ಆ ಮಕ್ಕಳೂ ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ಕೂತಿದ್ದರೇನೋ. ನಾಲ್ಕನೆಯ ಕಂಬ ಬಿದಿರಿನ ಹಾಗೆ ಬೆಳೆಯಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಅರ್ಥವಾಗದಿದ್ದರೆ ಮುಂದಿನ ಪುಟ ತೆರೆಯದಂತೆ ಯಂತ್ರಕ್ಕೆ ಹೇಳಿಟ್ಟಿದ್ದರು. ಅತ್ತಿಗೆ ಒತ್ತಿದರು. ತೆರೆಯಲಿಲ್ಲ.

ಪರೀಕ್ಷಕರು ಮೆತ್ತಗೆ, "ಬೇರೆ ರೀತೀಲಿ ಇನ್ನೊಮ್ಮೆ ಹೇಳಿ ಮೇಡಂ" ಎಂದರು. ಅತ್ತಿಗೆ ಅದೇ ಚಿತ್ರವನ್ನು ಮತ್ತೆ ಓಡಿಸಿದರು. "ಇದಲ್ಲ. ನಿಮ್ಮ ಮಾತಲ್ಲಿ ಹೇಳಿ." ಅತ್ತಿಗೆ ಬೋರ್ಡಿಗೆ ಕೈ ಊರಿ ನಿಂತರು. ಬೆರಳು ತಾಗಿದಂತೆಲ್ಲ ಚಂದ್ರ ಹೊರಟ, ನಿಂತ, ಮತ್ತೆ ಹೊರಟ.

ನೋಡಲಾಗದೆ ನಾನು ಎದ್ದು, "ಸಾರ್, ನನಗೆ ಅರ್ಥ ಆಯ್ತು" ಎಂದೆ.

"ಹೌದಾ? ಹಾಗಾದ್ರೆ ನೀವೇ ಹೇಳಿ" ಎಂದರು.

ಮತ್ತೆ ಬೆಂಚಿನಲ್ಲಿ ಕೂತೆ.

ಮುಂದಿನ ವರ್ಷದ ತಂಡದ ಜೊತೆ ಮತ್ತೆ ಬರಬೇಕಂತೆ. ಶಾಲೆಯವರು ಅತ್ತಿಗೆಗೆಂದು ಇಟ್ಟುಕೊಂಡಿದ್ದ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡರು. ಅಂದರೆ ನೀನು ಈ ಸಲ ಹಡಗಿನ ಕೆಲಸ ಬಿಟ್ಟು ಮನೆಯಲ್ಲೇ ಉಳಿಯುವ ಮಾತೂ ಹೋಯಿತು. ನಾನು ಸುಮ್ಮನೆ ಕೂರಲಿಲ್ಲ. ಪರೀಕ್ಷಕರ ಬಳಿ ಹೋಗಿ, ನಾನು ಅಲ್ಲಿಯ ವಿದ್ಯಾರ್ಥಿಯೇ ಅಲ್ಲ, ನನ್ನ ಉತ್ತರ ಲೆಕ್ಕಕ್ಕೆ ಹಿಡಿಯಬೇಡಿ ಎಂದೆ. "ನಿಮ್ಮದನ್ನ ತೆಗೆದ್ರೂ ಉಳಿದ ಮಕ್ಕಳು ಇದ್ದಾರಲ್ಲಪ್ಪ" ಎಂದರು. ಗದರಿಸಿದ್ದರೆ ಜಗಳವಾಡಬಹುದಿತ್ತು. ಅವರು ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು ಹೇಳಿದರು.

ಅಮ್ಮ ಮಾತ್ರ ಬಾಯ್ತುಂಬ ಬೈದಳು. "ನಿನ್ನ ಸತ್ಯಕ್ಕೆ ಒಂದು ದಿನ ರಜೆ ಕೊಡೋಕಾಗ್ಲಿಲ್ವೇನೋ? ಇಸ್ಕೂಲಿಗೆಲ್ಲ ಕೊಟ್ಟಿದ್ರಲ್ಲ!" ಅತ್ತಿಗೆ, "ಬಿಡಿ ಅತ್ತೆ, ಅವನೇನ್ ಮಾಡ್ತಾನೆ" ಎಂದು ಎಂದಿನಂತೆ ನನಗೇ ಮೊದಲು ಬಡಿಸಿದರು. ಈ ವರ್ಷ ಎರಡು ಕೆಲಸ ಬಿಟ್ಟು ಓಡಿದವನು ನಾನು. ಈಗ ಎಲ್ಲಿಗೆ ಓಡಬೇಕೋ ತಿಳಿಯುತ್ತಿಲ್ಲ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಅಲೆ ಜೋರಿದ್ದಾಗ ಬಾಣಲೆಗೆ ಎಣ್ಣೆ ಹಾಕಬಾರದಂತೆ. ಬಂದರು ಸೇರಿದ ಕೂಡಲೇ ಅತ್ತಿಗೆಗೆ ಫೋನ್ ಮಾಡು, ನನ್ನನ್ನು ಬೈಯುವುದನ್ನು ಆಮೇಲೆ ಇಟ್ಟುಕೋ.

ನಿನ್ನ ತಮ್ಮ,
ಬುಗುರಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ಸಂಜೆ ಅತ್ತಿಗೆ ಬಟ್ಟೆ ಮಡಿಸುತ್ತಿದ್ದಾಗ ಹತ್ತಿರ ಕೂತು, "ಯಂತ್ರ ಬೇಡ, ಪರೀಕ್ಷೆ ಬೇಡ. ನನಗೊಬ್ಬನಿಗೇ ಹೇಳಿ ಅತ್ತಿಗೆ, ಚಂದ್ರ ಯಾಕೆ ಸಣ್ಣಗಾಗ್ತಾನೆ?" ಎಂದೆ. ಅವರು ಒಂದೇ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ನಂಗೂ ಗೊತ್ತಿಲ್ಲ ಕಣೋ. ಎಲ್ಲಿ ಒತ್ತಬೇಕು ಅನ್ನೋದು ಗೊತ್ತಿತ್ತು. ತರಬೇತೀಲಿ ಕೇಳೋಣ ಅಂದ್ರೆ, ಅಷ್ಟು ಜನರ ಮುಂದೆ ನಾನೊಬ್ಬಳೇ ದಡ್ಡಿ ಆಗ್ತೀನಲ್ಲ ಅಂತ ಸುಮ್ಮನಾದೆ" ಎಂದರು.

ಅಣ್ಣ, ನಾನು ಶಾಲೆ ಬಿಟ್ಟದ್ದು ನನ್ನ ತಲೆಗೆ ಏನೂ ಹತ್ತುವುದಿಲ್ಲವೆಂದು. ಎದುರಿಗೆ ನಿಂತವರಿಗೆಲ್ಲ ಗೊತ್ತಿದೆ, ನನಗೊಬ್ಬನಿಗೇ ತಿಳಿಯುತ್ತಿಲ್ಲ ಎಂದುಕೊಂಡು ಹೊರಗೆ ಬಂದೆ. ಅವರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಗೊತ್ತಿತ್ತೋ. ನಿನ್ನೆಯಿಂದ ಒಬ್ಬೊಬ್ಬರನ್ನೇ ನೆನೆದು ಬಾಯಿಗೆ ಬಂದಂತೆ ಬೈಯೋಣವೆಂದು ಕೂರುತ್ತೇನೆ. ಯಾರ ಮುಖ ನೆನೆದರೂ ಅತ್ತಿಗೆಯ ಮುಖವೇ ಬಂದು ನಿಲ್ಲುತ್ತದೆ.