ನಾನೂ ಅಂಜಿದ್ದೆ, ಅಪ್ಪಾ

ನನ್ನ ಅಪ್ಪಾ,

ದಾವಣಗೆರೆಯ ಡಾಕ್ಟರು ನನ್ನ ಕುತ್ತಿಗೆಯ ಗಂಟನ್ನು ಒತ್ತಿ ನೋಡಿ, ಆಪರೇಷನ್ ಮಾಡಿ ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದ ದಿನ, ನೀನು ಈ ಲೋಕದಲ್ಲಿ ಇಲ್ಲದಿರುವುದೇ ಒಳ್ಳೆಯದಾಯಿತು ಅನ್ನಿಸಿತು. ಇದ್ದಿದ್ದರೆ ನಿನಗೆ ಹೇಗೆ ಮುಖ ತೋರಿಸುತ್ತಿದ್ದೆ? ಹರಪನಹಳ್ಳಿಯಲ್ಲಿ ನಮ್ಮ ಚರ್ಚಿನ ಸಭೆಯವರ ಪೈಕಿ ಯಾರು ಹಾಸಿಗೆ ಹಿಡಿದರೂ ನನ್ನನ್ನೇ ಕರೆಯುತ್ತಾರೆ. ಸತ್ಯವೇದ ಹಿಡಿದು ಹೋಗಿ, ಹೆದರಬೇಡಿ ಎಂಬ ವಾಕ್ಯಗಳನ್ನೆಲ್ಲ ಓದಿ ಬರುತ್ತೇನೆ. ಅವತ್ತು ಮನೆಗೆ ಬಂದು ಅದೇ ಪುಸ್ತಕ ತೆರೆದೆ. ಅಕ್ಷರ ಕಂಡವು, ಒಂದೂ ಒಳಗಿಳಿಯಲಿಲ್ಲ. ಮುಚ್ಚಿಟ್ಟುಬಿಟ್ಟೆ.

ಮರುದಿನ ಸಭೆಯ ಹೆಂಗಸರು ಪ್ರಾರ್ಥನೆಗೆ ಬಂದರು. "ಮಾರ್ತಕ್ಕಾರಿಗೆ ಎಲ್ಲಿ ಅಂಜಿಕಿ ಬಿಡ್ರಿ, ಅವರೇ ನಮಗ ಧೈರ್ಯ ಹೇಳೋರು," ಎಂದಳು ಒಬ್ಬಳು. ನಾನು ನಕ್ಕೆ. ಮನಸ್ಸು ಸಮಾಧಾನದಿಂದ ಇದೆ ಎಂದೆ. ಆಟೋ ನಿಲ್ಲಿಸಿ ಒಳಗೆ ಬಂದ ನಿನ್ನ ಅಳಿಯ ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡರು. ಅವರಿಗೂ ಅದನ್ನೇ ಹೇಳಿದೆ. ಒಮ್ಮೆ ಹೇಳಿದ ಮೇಲೆ ಸುಳ್ಳನ್ನು ಎಲ್ಲರೆದುರೂ ಸಾಕಬೇಕಲ್ಲ...

ನಿನಗೆ ಕೊಟ್ಟೂರಿನ ಆ ಎರಡಂತಸ್ತಿನ ಮನೆ ನೆನಪಿದೆಯಾ? ಬುತ್ತಿ ತಂದವಳು ಕೆಳಗೆ ನಿಂತು ನೋಡುತ್ತಿದ್ದೆ. ಬೊಂಬಿನ ಸಾರುವೆ ಹತ್ತುವಾಗ ನಿನ್ನ ಕಾಲು ನಡುಗುತ್ತಿದ್ದವು. ಜೀವಮಾನವೆಲ್ಲ ಗೌಂಡಿ ಕೆಲಸ ಮಾಡಿದರೂ ಎತ್ತರದ ಭಯ ನಿನ್ನನ್ನು ಬಿಡಲೇ ಇಲ್ಲ. ಪ್ರತಿ ಸಲ ಮೇಲೇರುವಾಗ ನೀನು ಸತ್ಯವೇದದ ಕೀರ್ತನೆಯ ವಾಕ್ಯವನ್ನು ನಿನ್ನದೇ ಮಾತಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೆ: "ಕಾಲು ಜಾರಗೊಡಂಗಿಲ್ಲ ಆತ. ಕಾಯಾಂವ ತೂಕಡಿಸಂಗಿಲ್ಲ." ಮನೆಯ ಯಜಮಾನರು ನಕ್ಕರು. ನಿನಗೇನೂ ಅನ್ನಿಸಲಿಲ್ಲ. "ಅಂಜಿಕಿ ಬಂದೈತ್ರಿ, ಅದಕ್ಕ ಹೇಳಾಕತ್ತೀನಿ. ಅಂಜಿಕಿ ಇಲ್ದಾಗ ಇದು ಯಾಕ ಬೇಕು?" ಎಂದೆ ನೀನು. ಸಂಜೆ ಕೆಳಗಿಳಿದು ಚಹಾ ಕುಡಿಯುವಾಗ ನಿನ್ನ ಮುಖದಲ್ಲಿ ಎಂಥ ಖುಷಿ ಇರುತ್ತಿತ್ತು! ಅಂಥವನ ಮಗಳು ನಾನು, ಅಂಜಿಕೆಯನ್ನು ಬಚ್ಚಿಟ್ಟುಕೊಂಡು ಕೂತಿದ್ದೆ.

ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಹಾಸಿಗೆ ನೀಲಗುಂದದ ಹಾಲವ್ವನದು. ಕುರಿ ಸಾಕುವ ಮನೆಯವಳು, ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಬಂದಿದ್ದಳು. ಮೈಲಾರಲಿಂಗನನ್ನು ನೆನೆದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ನನ್ನ ತಲೆದಿಂಬಿನ ಪಕ್ಕದಲ್ಲಿದ್ದ ಸತ್ಯವೇದದ ಕಡೆ ಕೈ ತೋರಿಸಿ, "ಯಕ್ಕಾ, ಅಂಜಿಕಿಗೆ ಏನರ ಐತೇನು ಆ ಪುಸ್ತಕದಾಗ?" ಎಂದು ಕೇಳಿದಳು. ಅಂಜಬೇಡ ಎನ್ನಲು ಬಾಯಿ ತೆರೆದೆ. ರೂಢಿಯ ಮಾತು, ಎಷ್ಟು ಮನೆಗಳಲ್ಲಿ ಹೇಳಿದ್ದೇನೆ. ಅವಳ ಒದ್ದೆ ಸೆರಗು ನೋಡಿದೆ.

"ನನಗೂ ಅಂಜಿಕಿ ಐತವಾ," ಎಂದೆ. ಅಷ್ಟು ದಿನಗಳಲ್ಲಿ ಮೊದಲ ಸಲ, ಹೆಸರು ಗೊತ್ತಾಗಿ ಒಂದು ದಿನವೂ ಆಗದ ಹೆಂಗಸಿಗೆ.

ಅವಳು ನನ್ನ ಕೈ ಹಿಡಿದುಕೊಂಡಳು. ಪುಸ್ತಕ ತೆರೆಯಲಿಲ್ಲ ಅಪ್ಪಾ. ನೀನು ಸಾರುವೆಯ ಮೇಲೆ ಹೇಳುತ್ತಿದ್ದಂತೆಯೇ ಹೇಳಿದೆ. ಹಾಲವ್ವ ಯೋಚಿಸಿ, ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಸಿಸ್ಟರ್ ಕಡೆ ನೋಡಿ, "ಚಲೋ ಆತು. ಒಬ್ಬಾಂವರ ಎಚ್ಚರ ಅದಾನಲ್ಲ," ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸಿಸ್ಟರ್ ಎದ್ದು ಗದರಿದರು, ಅದಕ್ಕೂ ನಕ್ಕೆವು. ಅಂಜಿಕೆ ಎಲ್ಲಿಗೂ ಹೋಗಿರಲಿಲ್ಲ. ಆದರೆ ಆ ವಾಕ್ಯ ನನ್ನ ಬಾಯಲ್ಲಿ ಸಿಹಿಯಾಗಿತ್ತು. ಮರುದಿನ ಸ್ಟ್ರೆಚರ್ ಮೇಲೆ ಒಳಗೆ ಹೋಗುವಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಗಂಟು ಕೆಟ್ಟದ್ದಲ್ಲವಂತೆ. ಮನೆಗೆ ಬಂದ ಮೇಲೆ ಒಂದು ಭಾನುವಾರ ಪಾಸ್ಟರ್ ನನ್ನನ್ನು ಸಭೆಯ ಮುಂದೆ, ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳಲು ಕರೆದರು. ಎಳ್ಳಷ್ಟೂ ಅಂಜದೆ ಹೋಗಿ ಬಂದ ಸಹೋದರಿ ಎಂದರು. ಎಲ್ಲರೂ ಸ್ತೋತ್ರ ಎಂದರು. ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. "ಅಂಜಿದ್ದೆ," ಎಂದೆ. "ನಿಮ್ಮ ಮುಂದ ಸುಳ್ಳು ಹೇಳಿದ್ದೆ." ಕಿವಿಯೆಲ್ಲ ಬಿಸಿಯಾಯಿತು. ನನ್ನೆದುರು ಅಂಜಿಕೆ ಹೇಳಿಕೊಳ್ಳಲು ಬಾಯಿ ತೆರೆದ ಎಷ್ಟು ಹೆಂಗಸರನ್ನು ನಾನು ವಾಕ್ಯ ಓದಿ ಸುಮ್ಮನಾಗಿಸಿರಬಹುದು? ಅವರ ಮುಖಗಳನ್ನು ನೋಡಲಾಗದೆ ಬಂದು ಕೂತುಬಿಟ್ಟೆ.

ಅಂದು ಮನೆಗೆ ಬಂದಾಗ ನಿನ್ನ ಅಳಿಯ ಆಟೋದಿಂದ ಇಳಿಯಲೇ ಇಲ್ಲ. ಹ್ಯಾಂಡಲ್ ಹಿಡಿದುಕೊಂಡೇ ಹೇಳಿದರು, "ನೀ ಗಟ್ಟಿ ಅದೀ ಅಂತ ನಾ ಸುಮ್ನಿದ್ದೆ. ನಿನ್ನ ಒಳಗ ಕರಕೊಂಡು ಹೋದ್ಮ್ಯಾಲೆ ಆಸ್ಪತ್ರಿ ಹಿಂದ ನಿಂತು ಅತ್ತೀನಿ. ಯಾರ ಮುಂದ ಹೇಳ್ಳಿ?" ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದವರು. ನನ್ನ ಸುಳ್ಳು ಅವರನ್ನು ಆಸ್ಪತ್ರೆಯ ಗೋಡೆಯ ಹಿಂದೆ ಒಂಟಿಯಾಗಿ ನಿಲ್ಲಿಸಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ ಅಪ್ಪಾ.

ಇನ್ನು ಮೇಲೆ ಯಾರ ಮನೆಗೆ ಹೋದರೂ ಮೊದಲು ಕೇಳಿಸಿಕೊಳ್ಳುತ್ತೇನೆ. ಅಂದು ನಿನ್ನ ಅಳಿಯನಿಂದಲೇ ಶುರು ಮಾಡಿದೆ. ಒಂದು ವಾಕ್ಯವನ್ನೂ ಹೇಳದೆ ಹಿಂದಿನ ಸೀಟಿನಲ್ಲಿ ಕೂತೆ. ಅವರು ಹೇಳಿದರು, ನಿಲ್ಲಿಸಿದರು, ಮತ್ತೆ ಹೇಳಿದರು. ಎಲ್ಲ ಮುಗಿದ ಮೇಲೆ ಮೂಗು ಒರೆಸಿಕೊಂಡು, ನನ್ನ ಮಡಿಲಲ್ಲಿದ್ದ ಸತ್ಯವೇದ ತೋರಿಸಿ, "ಈಗ ಓದು," ಎಂದರು.

ಓದಿದೆ.

ನಿನ್ನ ಮಾರ್ತಿ