ಮುಟ್ಟಬಾರದ ಬಾಗಿಲು

ಮನೆಯಿಂದ,
ನವೆಂಬರ್ ೧೬, ಶನಿವಾರ ಸಂಜೆ

ಪ್ರೀತಿಯ ಅಣ್ಣಾ,

ಅಕ್ಷರ ನೋಡಿ ನಗಬೇಡ. ಇದ್ದ ಒಂದು ಪೆನ್ನನ್ನು ನಿನ್ನ ಮಗಳು ಗುಬ್ಬಿ ಎಲ್ಲಿ ಬಿಸಾಕಿದ್ದಾಳೋ, ಹುಡುಕಿ ಸಾಕಾಯಿತು. ಗೋಡೆಯ ಗೂಡಿನಲ್ಲಿ ನಿನ್ನ ಚಪ್ಪಟೆ ಬಡಗಿ ಪೆನ್ಸಿಲ್ ಸಿಕ್ಕಿತು, ಹಲಗೆಯ ಮೇಲೆ ಗೆರೆ ಎಳೆಯುತ್ತಿದ್ದೆಯಲ್ಲ, ಅದೇ. ಮರದ ಮೇಲೆ ಚೆನ್ನಾಗಿ ಓಡುತ್ತದೆ, ಕಾಗದದ ಮೇಲೆ ಎಮ್ಮೆಯ ಹಾಗೆ ಎಳೆದ ಕಡೆಗೆ ಬರುವುದಿಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಒತ್ತಕ್ಷರ ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು. ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ ಎಂದು ತಾನೇ ನೀನು ನನಗೆ ಮೂಗಿ ಎಂದು ಹೆಸರಿಟ್ಟಿದ್ದು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಬೆನ್ನು ಹೇಗಿದೆ? ಮರದ ಅಂಗಡಿಯ ಅಟ್ಟದಲ್ಲಿ ಬರೀ ಹಲಗೆಯ ಮೇಲೆ ಮಲಗುತ್ತೀಯ ಎಂದು ಅಮ್ಮ ಹೇಳಿದಳು. ಮರದ ಪುಡಿಗೆ ನಿನಗೆ ಮೊದಲಿಂದಲೂ ಕೆಮ್ಮು. ಮೂಗಿಗೆ ಬಟ್ಟೆ ಕಟ್ಟಿಕೋ. ಅಮ್ಮನ ಕೈಯಲ್ಲಿ ಕಳಿಸಿದ ಸ್ವೆಟರ್ ಹಾಕಿಕೊಳ್ಳುತ್ತಿದ್ದೀಯ ತಾನೇ? ಕೋರ್ಟಿಗೆ ಬಂದ ದಿನ ನಿನ್ನ ಮೈಮೇಲೆ ಅದು ಕಾಣಲಿಲ್ಲ. ಅಂಗಿಗೆ ಇಸ್ತ್ರಿಯೂ ಇರಲಿಲ್ಲ. ದಿನವಿಡೀ ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವವಳು ನಾನು, ನಿನ್ನ ಅಂಗಿಯ ಸುಕ್ಕನ್ನೇ ನೋಡುತ್ತಾ ಕೂತೆ.

ನಾನು ನಿನಗೆ ಕಾಗದ ಬರೆಯಬಹುದೋ ಬಾರದೋ ಎಂಬುದೇ ನನಗೆ ಮೊದಲು ಗೊತ್ತಿರಲಿಲ್ಲ. ನೀನು ಮನೆಯ ಹತ್ತಿರ ಸುಳಿಯಬಾರದು, ಅತ್ತಿಗೆಯ ಜೊತೆ ಮಾತಾಡಬಾರದು, ಇನ್ನೊಬ್ಬರ ಬಾಯಲ್ಲೂ ಏನೂ ಹೇಳಿಸಬಾರದು, ಹಾಗಿದ್ದರೆ ಮಾತ್ರ ಹೊರಗಿರಬಹುದು ಎಂದು ಜಾಮೀನು ಕೊಡುವಾಗ ಮೊದಲಿನ ಜಡ್ಜು ಹೇಳಿದ್ದು ನೆನಪಿದೆಯಲ್ಲ. ನಾನು ನಿನ್ನ ತಂಗಿ, ಅತ್ತಿಗೆಯ ನಾದಿನಿ, ಅದರ ಮೇಲೆ ಸಾಕ್ಷಿಯೂ ಹೌದು. ಇದರಲ್ಲಿ ಯಾವ ನಾನು ಯಾರಿಗೆ ಬರೆಯಬಹುದು? ಸರ್ಕಾರಿ ವಕೀಲರನ್ನು ಕೇಳಿದೆ. ಕೇಳಿದೆ ಎಂದರೆ, ಅವರ ಹಿಂದೆ ಹಿಂದೆ ಕಾರಿಡಾರಿನಲ್ಲಿ ಒಂದು ಸುತ್ತು ನಡೆದೆ, ಅವರೇ ತಿರುಗಿ ನೋಡಿ 'ಏನಮ್ಮ, ಟಾಯ್ಲೆಟ್ ಹುಡುಕ್ತಿದ್ದೀಯಾ?' ಎಂದರು. ಕೊನೆಗೆ ಹೇಳಿದರು, ಕ್ಷೇಮ ಸಮಾಚಾರ ಧಾರಾಳವಾಗಿ ಬರಿ, ಅವನು ಮಾತ್ರ ನಿನ್ನ ಕೈಲಿ ಅವಳಿಗೆ ಏನೂ ಹೇಳಿ ಕಳಿಸೋ ಹಾಗಿಲ್ಲ, ನೀನು ಏನು ಹೇಳ್ಬೇಕು ಅಂತ ನಿನಗೆ ಹೇಳಿಕೊಡೋ ಹಾಗೂ ಇಲ್ಲ, ಎಂದು. ನಾನು ತಲೆ ಆಡಿಸಿದೆ. ಆಗ ನನ್ನ ಮುಖ ಹೇಗಿತ್ತೋ, ಅವರು ಒಂದು ಗಳಿಗೆ ನನ್ನನ್ನೇ ನೋಡಿದರು.

ಗುಬ್ಬಿ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ, ಅಪ್ಪನಿಗೆ ತೋರಿಸಬೇಕು ಎಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ. ಅಪ್ಪ ಯಾವಾಗ ಬರ್ತಾನೆ ಎಂದು ಕೇಳಿದರೆ ಅಮ್ಮ ನನ್ನ ಮುಖ ನೋಡುತ್ತಾಳೆ, ನಾನು ಅತ್ತಿಗೆಯ ಮುಖ ನೋಡುತ್ತೇನೆ, ಅತ್ತಿಗೆ ಒಲೆಯ ಕಡೆ ನೋಡುತ್ತಾರೆ.

ಗುರುವಾರದ ವಿಷಯ. ನೀನು ಬೆಂಚಿನ ಆ ತುದಿಯಲ್ಲಿ ಕೂತಿದ್ದೆ, ನಾನು, ಅತ್ತಿಗೆ ಈ ತುದಿಯಲ್ಲಿ. ಅಮ್ಮ ಎಲ್ಲಿ ಕೂರಬೇಕೆಂದು ತಿಳಿಯದೆ ನೀರಿನ ಬಾಟಲಿ ಹಿಡಿದು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡಿದ್ದು ನೀನೂ ನೋಡಿದೆ. ಬಾಗಿಲಲ್ಲಿ ನಿಂತಿದ್ದ ಕೋರ್ಟಿನ ಜವಾನ 'ಅಜ್ಜಿ, ನೀವು ಯಾರ ಕಡೆ?' ಎಂದು ಕೇಳಿದ. ಅಮ್ಮ 'ಇಬ್ಬರೂ ನನ್ನ ಮನೆಯವರೇ ಕಣಪ್ಪ' ಎಂದಳು. ಅವನು ತಲೆ ಕೆರೆದುಕೊಂಡು 'ಹಾಗಾದ್ರೆ ಮಧ್ಯ ಕೂತ್ಕೊಳ್ಳಿ' ಎಂದ. ನಿನ್ನ ಹೆಸರು ಕೂಗಿದಾಗ ನಾವು ನಾಲ್ವರೂ ಒಟ್ಟಿಗೆ ಎದ್ದು ನಿಂತೆವು, ಎಲ್ಲರ ಮೇಲೂ ಕೇಸು ಇರುವ ಹಾಗೆ.

ಒಳಗೆ ಹೋಗಿದ್ದೇ ತಡ, ಹೊರಗೆ ಬಂದೆವು. ಅತ್ತಿಗೆಯ ಹಣೆಗೆ ಹೊಲಿಗೆ ಹಾಕಿದ ಡಾಕ್ಟರು ಬಂದಿಲ್ಲವಂತೆ. ಹೋದ ಸಲ ನಿನ್ನ ವಕೀಲರು ಬಂದಿರಲಿಲ್ಲ. ಅದರ ಹಿಂದಿನ ಸಲ ಮೊದಲಿನ ಜಡ್ಜಿಗೆ ವರ್ಗವಾಗಿ ಈ ಜಡ್ಜಮ್ಮ ಇನ್ನೂ ಬಂದಿರಲಿಲ್ಲ. ಬರದವರು ಪ್ರತಿ ಸಲವೂ ಬೇರೆ, ಬಂದು ಕಾಯುವವರು ಮಾತ್ರ ನಾವೇ. ಇಸ್ತ್ರಿ ಅಂಗಡಿಯಲ್ಲಿ ನನ್ನ ಮಾಲೀಕರು 'ಏನಮ್ಮ, ನೀನೂ ವಕಾಲತ್ತು ಶುರು ಮಾಡಿದ್ಯಾ?' ಎಂದು ಕೆಣಕುತ್ತಾರೆ. ವಕೀಲರ ಕರಿ ಕೋಟುಗಳು ನಮ್ಮ ಅಂಗಡಿಗೇ ಬರುತ್ತವೆ. ನಿನ್ನ ವಕೀಲರ ಕೋಟಿನ ಒಳಗಿನ ಅಸ್ತರು ಹರಿದಿದೆ, ನನಗೆ ಗೊತ್ತು. ಆದರೂ ಅದೇ ಕೋಟು ಅಲ್ಲಿ ಎದುರಿಗೆ ಬಂದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತೇನೆ.

ನಿನಗೆ ಕೇಳಿಸಿತೋ ಇಲ್ಲವೋ, ನೀನು ತಲೆ ತಗ್ಗಿಸಿದ್ದೆ. ಜಡ್ಜಮ್ಮ ಮುಂದಿನ ತಾರೀಕು ಹೇಳಿ ಇನ್ನೊಂದು ಫೈಲಿಗೆ ಕೈ ಹಾಕುವಾಗ ಅತ್ತಿಗೆ ಹೋಗದೆ ಅಲ್ಲೇ ನಿಂತರು. ಏನಮ್ಮ ಎಂದು ಜಡ್ಜಮ್ಮ ಕೇಳಿದರು. ಅತ್ತಿಗೆ ಹೇಳಿದರು, 'ಅವರು ಜೈಲಿಗೆ ಹೋಗೋದು ನನಗೆ ಬೇಡ. ಮನೆಗೆ ಬರೋದೂ ಬೇಡ. ಇವೆರಡರ ಮಧ್ಯ ಏನಾದ್ರೂ ಇದ್ರೆ ಅದನ್ನ ಕೊಡಿ.' ಕೋರ್ಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಜಡ್ಜಮ್ಮ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, 'ಸಾಕ್ಷಿ ಹೇಳೋ ದಿನ ಇದನ್ನೂ ಹೇಳಮ್ಮ, ಬರೆದುಕೊಳ್ತೀನಿ' ಎಂದರು. ಅಂಥದ್ದು ಏನಾದರೂ ಇದೆಯೋ ಇಲ್ಲವೋ ಹೇಳಲಿಲ್ಲ. ನನಗೂ ಅಂದಿನಿಂದ ಅದೇ ಯೋಚನೆ.

ಇದು ಅತ್ತಿಗೆಯ ಕೇಸೇ ಅಲ್ಲವಂತೆ, ಅದೂ ನನಗೆ ಅರ್ಥವಾಗುವುದಿಲ್ಲ. ಫೈಲಿನ ಮೇಲೆ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ನೀನು. ಏಟು ತಿಂದವಳು ಇವಳು, ಮಧ್ಯದಲ್ಲಿ ಸರ್ಕಾರಕ್ಕೆ ಎಲ್ಲಿ ನೋವಾಯ್ತು ಎಂದು ಅಮ್ಮ ಕೇಳುತ್ತಾಳೆ. ಮೊದಲ ವಾರವೇ ಅಮ್ಮ ಅತ್ತಿಗೆಯನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ಬೇಡ ಬಿಡಿ ಎಂದು ಹೇಳಿಸಿದ್ದಳಲ್ಲ. ಆಗದು ಎಂದರು. ಸರ್ಕಾರಿ ವಕೀಲರು ನನಗೆ ಹೇಳಿದ್ದು ಹೀಗೆ: 'ಬೆಂಕಿ ಬಿದ್ದಿದೆ ಅಂತ ಕೂಗಿದ್ದು ನೀವು. ಬಂದ ಮೇಲೆ ವಾಪಸ್ ಹೋಗಿ ಅಂದ್ರೆ ನಾವು ಹೋಗಲ್ಲ, ಒಳಗೆ ಬಂದು ನೋಡೇ ನೋಡ್ತೀವಿ.' ಕೇಳಿದಾಗ ಸರಿ ಎನ್ನಿಸಿತು. ಮನೆಗೆ ಬಂದು ಅಮ್ಮನಿಗೆ ಹೇಳುವಾಗ ಅದೇ ಮಾತು ನನ್ನ ಬಾಯಲ್ಲಿ ಕಲಸುಮೇಲೋಗರವಾಯಿತು.

ಈಗ ಬಾಗಿಲಿನ ಕಥೆ ಹೇಳುತ್ತೇನೆ, ನಿನಗೆ ಸಿಟ್ಟು ಬರುತ್ತದೋ ನಗು ಬರುತ್ತದೋ ತಿಳಿಯದು. ಅವತ್ತು ನಿನ್ನನ್ನು ಕರೆದುಕೊಂಡು ಹೋದ ಮೇಲೆ ಪೋಲೀಸಿನವನು ಚಿಲಕ ಕಿತ್ತುಹೋದ ಅಡುಗೆಮನೆ ಬಾಗಿಲ ಮುಂದೆ ನಿಂತು, 'ಇದನ್ನ ಯಾರೂ ಮುಟ್ಟಬೇಡಿ' ಎಂದ. ಆಮೇಲೆ ಒಬ್ಬ ಬಂದು ಫೋಟೋ ತೆಗೆದ, ಇಬ್ಬರೂ ಹೋದರು. ಇನ್ನು ಮುಟ್ಟಬಹುದು ಎಂದು ಯಾರೂ ಹೇಳಲಿಲ್ಲ, ನಾವೂ ಮುಟ್ಟಲಿಲ್ಲ. ಬೇಸಿಗೆ ಹೋಯಿತು, ಮಳೆ ಹೋಯಿತು, ಚಳಿ ಬಂತು, ಬಾಗಿಲು ಚಿಲಕವಿಲ್ಲದೆ ಹಾಗೇ ಇದೆ. ಅತ್ತಿಗೆ, ಗುಬ್ಬಿ ಅಡುಗೆಮನೆಯಲ್ಲೇ ಮಲಗುತ್ತಾರೆ. ರಾತ್ರಿ ಹಳೆ ಬೆಡ್‌ಶೀಟಿನ ಅಂಚನ್ನು ಹಿಡಿಗೆ ಸುತ್ತಿ ಗೂಟಕ್ಕೆ ಕಟ್ಟುತ್ತೇವೆ, ಅದೂ ಸರ್ಕಾರದ ಬಾಗಿಲಿಗೆ ನೋವಾಗದ ಹಾಗೆ ಮೆತ್ತಗೆ. ಬೆಕ್ಕು ನುಗ್ಗಿ ಹಾಲು ಕುಡಿದರೆ ಅಮ್ಮ 'ನಿನ್ನನ್ನೂ ಸಾಕ್ಷಿಗೆ ಕರೀತಾರೆ ನೋಡು' ಎಂದು ಬೈಯುತ್ತಾಳೆ. ಎದುರುಮನೆ ಅಜ್ಜ ಸ್ಕ್ರೂ ಹಿಡಿದುಕೊಂಡು ಬಂದಿದ್ದರು, ಅವರು ಜೈಲಿಗೆ ಹೋದರೆ ಕಷ್ಟ ಎಂದು ಟೀ ಕೊಟ್ಟು ಕಳಿಸಿದೆವು. ಗಾಳಿಗೆ ಬಾಗಿಲು ಬಡಿದುಕೊಂಡಾಗಲೆಲ್ಲ ಅತ್ತಿಗೆ ಎದ್ದು ಕೂರುತ್ತಾರೆ. ಗುಬ್ಬಿಯ ಮೇಲೆ ಕೈಯಿಟ್ಟುಕೊಂಡು ಬಾಗಿಲನ್ನೇ ನೋಡುತ್ತಾರೆ. ನಾನು ಪಕ್ಕದ ಕೋಣೆಯಿಂದ ನೋಡುತ್ತೇನೆ. ನಾನು ನೋಡುವುದು ಅವರಿಗೆ ಗೊತ್ತು.

ಗುರುವಾರ ಸರ್ಕಾರಿ ವಕೀಲರನ್ನು ಇದನ್ನೂ ಕೇಳಿದೆ, ಬಾಗಿಲು ರಿಪೇರಿ ಮಾಡಿದರೆ ನಮ್ಮ ಮೇಲೆ ಕೇಸು ಬೀಳುತ್ತಾ ಎಂದು. ಬಿಸ್ಕೆಟ್ ತಿನ್ನುತ್ತಿದ್ದವರು ಜೋರಾಗಿ ನಕ್ಕರು. 'ಫೋಟೋ ಅವತ್ತೇ ತೆಗೆದಾಯ್ತಲ್ಲಮ್ಮ, ಅವತ್ತೇ ಸರಿ ಮಾಡಿಸಬಹುದಿತ್ತು' ಎಂದರು. ಆಮೇಲೆ ನಗು ನಿಂತಿತು. 'ಇಷ್ಟು ದಿನ ಅವಳು ಆ ಬಾಗಿಲ ಹಿಂದೆ ಹಾಗೇ ಮಲಗಿದ್ಳಾ?' ಎಂದು ಕೇಳಿದರು.

ಅಣ್ಣಾ, ಹೋದ ಭಾನುವಾರ ಅಮ್ಮ ನಿನ್ನ ಹತ್ತಿರ ಬಂದಿದ್ದಳಲ್ಲ. ವಾಪಸ್ ಬಂದವಳೇ ನನ್ನನ್ನು ಬಚ್ಚಲಿಗೆ ಕರೆದು ನಲ್ಲಿ ಬಿಟ್ಟಳು, ಅತ್ತಿಗೆಗೆ ಕೇಳಿಸಬಾರದೆಂದು. 'ಚಿಲಕ ಮೊದಲೇ ಸಡಿಲ ಇತ್ತು, ಬಾಗಿಲು ತಾನಾಗೇ ಬಡಿದು ಹಣೆಗೆ ತಾಗ್ತು ಅಂದ್ರೆ ಸಾಕಂತೆ, ಕೇಸು ಬಿದ್ದು ಹೋಗುತ್ತಂತೆ. ನೀನೂ ಹಾಗೇ ಹೇಳಬೇಕು, ಅವಳಿಗೂ ನೀನೇ ಹೇಳಬೇಕು. ನನಗೆ ಅವಳ ಮುಖ ನೋಡಿ ಹೇಳೋಕಾಗಲ್ಲ' ಎಂದಳು. ಬಕೆಟ್ಟು ತುಂಬಿ ನೀರು ಚೆಲ್ಲುತ್ತಿತ್ತು, ಇಬ್ಬರೂ ನಿಲ್ಲಿಸಲಿಲ್ಲ. 'ಅವನ ಬದುಕು ನಿನ್ನ ಒಂದು ಮಾತಿನಲ್ಲಿದೆ' ಎಂದು ಅಮ್ಮ ಅತ್ತಳು. ಅಂದಿನಿಂದ ನನಗೆ ಕೆಲಸದಲ್ಲಿ ಗಮನವಿಲ್ಲ. ಯಾರದೋ ಬಿಳಿ ಅಂಗಿ ಸುಟ್ಟೆ.

ನಾನು ಹೀಗೆ ಹೇಳಿದರೆ ನಿನಗೆ ಏನಾಗುತ್ತದೆ, ಹಾಗೆ ಹೇಳಿದರೆ ಏನಾಗುತ್ತದೆ ಎಂದು ಸರ್ಕಾರಿ ವಕೀಲರನ್ನು ಕೇಳಿದೆ. 'ಜೈಲೋ, ದಂಡವೋ, ಬುದ್ಧಿ ಹೇಳಿ ಕಣ್ಣಿಟ್ಟಿರ್ತಾರೋ, ನನಗೂ ಗೊತ್ತಿಲ್ಲಮ್ಮ. ಇನ್ನೂ ಇಷ್ಟು ಫೈಲ್ ಇದೆ ನೋಡು' ಎಂದು ಎದ್ದು ಹೋದರು. ಅವರಿಗೇ ಗೊತ್ತಿಲ್ಲದ್ದನ್ನು ನಾನು ಹೇಗೆ ತೂಗಿ ನೋಡಲಿ? ನೀನು ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವನು. ಇದೇ ಪೆನ್ಸಿಲಿನಲ್ಲಿ ಹಲಗೆ ಚೂರಿನ ಮೇಲೆ ಕೈ ಹಿಡಿದು ಬರೆಸಿದವನು. ಅದೇ ಕೈ ಅವತ್ತು ಸಂಜೆ ಇನ್ನೊಂದು ಕೆಲಸ ಮಾಡುತ್ತಿತ್ತು, ಎರಡೂ ಒಂದೇ ಕೈ ಎಂದು ನನ್ನ ತಲೆಗೆ ಇನ್ನೂ ಹತ್ತುತ್ತಿಲ್ಲ.

ಕತ್ತಲಾಯಿತು, ಗುಬ್ಬಿ ಪೆನ್ಸಿಲ್ ಎಳೆಯುತ್ತಿದ್ದಾಳೆ. ಹೊತ್ತು ಹೊತ್ತಿಗೆ ಊಟ ಮಾಡು. ಕೆಮ್ಮಿಗೆ ಬಿಸಿನೀರು ಕುಡಿ. ಮರದ ಅಂಗಡಿಯ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು, ನಿನಗೆ ಜಾಗ ಕೊಟ್ಟ ಪುಣ್ಯಾತ್ಮರು. ನಿನಗೆ ಒಳ್ಳೆಯದಾಗಲಿ ಎಂದೇ ನಾನು ದಿನವೂ ಕೇಳಿಕೊಳ್ಳುವುದು, ಅದರಲ್ಲಿ ಮಾತ್ರ ನನಗೆ ಗೊಂದಲವಿಲ್ಲ.

ನಿನ್ನ ತಂಗಿ,
ಮೂಗಿ

ಮರೆತದ್ದು: ಇದು ಭಾನುವಾರ ಬೆಳಗ್ಗೆ, ಅಂಚೆಗೆ ಹಾಕುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ಹೇಳಿ ಕಳಿಸಿದ ಮಾತನ್ನು ನಾನು ಅತ್ತಿಗೆಗೆ ಹೇಳಿಲ್ಲ, ಹೇಳುವುದೂ ಇಲ್ಲ. ಇನ್ನು ಮುಂದೆ ಅಮ್ಮನ ಕೈಯಲ್ಲಿ ಅಂಥದ್ದನ್ನು ಕಳಿಸಬೇಡ. ನನ್ನ ಸರದಿ ಬಂದಾಗ ಚಿಲಕ ಸಡಿಲ ಇತ್ತು ಎಂದು ನನ್ನ ಬಾಯಲ್ಲಿ ಬರುವುದಿಲ್ಲ ಅಣ್ಣಾ. ಆ ಬಾಗಿಲನ್ನು ನೀನೇ ಮಾಡಿದ್ದು. ಚಿಲಕ ಕೂರಿಸಿದ ದಿನ ಸ್ಕ್ರೂ ಹಿಡಿದು ಪಕ್ಕದಲ್ಲಿ ನಿಂತವಳು ನಾನು. 'ನಾನು ಮಾಡಿದ ಬಾಗಿಲು ಆನೆ ಗುದ್ದಿದರೂ ಜಗ್ಗುವುದಿಲ್ಲ' ಎಂದು ಓಣಿಗೆಲ್ಲ ಹೇಳಿಕೊಂಡು ಬಂದವನು, ಅದು ಸಡಿಲ ಇತ್ತು ಎಂದು ಕೋರ್ಟಿನಲ್ಲಿ ಹೇಗೆ ಹೇಳುತ್ತೀಯ? ಅವತ್ತು ನಾನು ಮಡಿಸಿದ ಬಟ್ಟೆ ಹಿಡಿದು ಪಕ್ಕದ ಕೋಣೆಯ ಹೊಸ್ತಿಲಲ್ಲಿದ್ದೆ. ಅತ್ತಿಗೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು, ನೀನು ಹೊರಗಿನಿಂದ ಗುದ್ದಿದೆ. ಚಿಲಕ ಮರದ ಚೂರನ್ನು ಕಚ್ಚಿಕೊಂಡೇ ಕಿತ್ತು ಬಂದು ನೀರಿನ ಕೊಡದ ಹತ್ತಿರ ಬಿತ್ತು. ಬಾಗಿಲು ಅತ್ತಿಗೆಗೆ ತಾಗಲೇ ಇಲ್ಲ. ಅವರ ಕೂದಲು ನಿನ್ನ ಕೈಯಲ್ಲಿತ್ತು, ಹಣೆ ಒಲೆಕಟ್ಟೆಯ ಅಂಚಿಗೆ ಬಡಿಯಿತು. 'ಬಿಡು ಅಣ್ಣಾ' ಎಂದೆ, ದನಿ ಹೊರಗೆ ಬಂತೋ ಇಲ್ಲವೋ ಗೊತ್ತಿಲ್ಲ. ನಾನು ನೋಡಿದ್ದು ಇಷ್ಟು, ಹೇಳುವುದೂ ಇಷ್ಟೇ. ಆಮೇಲೆ ನಿನಗೇನಾಗುತ್ತದೋ ಎಂದು ಯೋಚಿಸಿದರೆ ಅಳು ಬರುತ್ತದೆ, ಆದರೂ ಹೇಳುತ್ತೇನೆ.

ಈಗ ಬೆಳಗ್ಗೆ ಎದ್ದು ಹೊಸ ಚಿಲಕ ಕೂರಿಸಿದೆ. ಹಳೆ ತೂತು ದೊಡ್ಡದಾಗಿತ್ತು, ನೀನು ಮಾಡುತ್ತಿದ್ದ ಹಾಗೇ ಬೆಂಕಿಕಡ್ಡಿ ಸೀಳಿ ಅಂಟು ಹಚ್ಚಿ ತುಂಬಿದೆ, ಸ್ಕ್ರೂಗೆ ಸೋಪು ಉಜ್ಜಿ ತಿರುಗಿಸಿದೆ. ಒಂದು ಸ್ವಲ್ಪ ಓರೆಯಾಗಿದೆ, ನೀನು ನೋಡಿದ್ದರೆ ಬೈಯುತ್ತಿದ್ದೆ. ಸ್ಕ್ರೂ ಹಿಡಿದು ನಿಂತದ್ದು ಗುಬ್ಬಿ. ಅತ್ತಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕ ಜಾರಿದ ಸದ್ದು ಕೇಳಿತು. ನಾನು ಹೊರಗಿನಿಂದ ಬಾಗಿಲಿಗೆ ಭುಜ ಕೊಟ್ಟು ಒಮ್ಮೆ ಬಲವಾಗಿ ತಳ್ಳಿ ನೋಡಿದೆ. ಅಲುಗಲಿಲ್ಲ.